ಎರಡು ರೀಡಿಂಗ್, ಒಂದು ಮೊಬೈಲ್ ಕ್ಯಾಲ್ಕುಲೇಟರ್: ಪಂಪ್‌ಸೆಟ್ ವೈರಿನ ದೋಷ ಹುಡುಕುವ ಲೆಕ್ಕ



ಮೋಟಾರ್ ಸುಟ್ಟಾಗ ನಮ್ಮಲ್ಲಿ ಮೂರು ಮಾತು ಕೇಳಿಬರುತ್ತವೆ. ಒಂದು, "ವೋಲ್ಟೇಜ್ ಲೋ ಇತ್ತು". ಎರಡು, "ವೈಂಡಿಂಗ್ ಸರಿಯಾಗಿ ಕಟ್ಟಿಲ್ಲ". ಮೂರು, "ನಮ್ಮ ಟೈಮ್ ಸರಿ ಇಲ್ಲ". ಮೂರನೆಯದಕ್ಕೆ ನಮ್ಮ ಹತ್ತಿರ ಔಷಧ ಇಲ್ಲ. ಮೊದಲ ಎರಡು ನಿಜವೋ ಸುಳ್ಳೋ ಅಂತ ನೀವೇ ಲೆಕ್ಕ ಹಾಕಿ ನೋಡಬಹುದು. ಅದಕ್ಕೆ ಬೇಕಾದದ್ದು ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು ಎಂಬ ಎರಡು ರೀಡಿಂಗ್ ಮಾತ್ರ. ಉಳಿದದ್ದನ್ನು ಮೊಬೈಲ್‌ನಲ್ಲಿರುವ ಕ್ಯಾಲ್ಕುಲೇಟರ್ ಹೇಳುತ್ತದೆ.

"ಕರ್ನಾಟಕದಲ್ಲಿ 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ಬಿಲ್ಲೇ ಇಲ್ಲವಲ್ಲ, ವಾಟ್ ಲೆಕ್ಕ ಯಾಕೆ ಬೇಕು?" ಅಂತ ಕೆಲವರು ಕೇಳಬಹುದು. ಕರೆಂಟ್ ಫ್ರೀ ಇರಬಹುದು, ರೀವೈಂಡಿಂಗ್ ಫ್ರೀ ಅಲ್ಲ. ಬೋರ್‌ನಿಂದ ಪಂಪ್ ಎತ್ತುವುದು, ಇಳಿಸುವುದು ಫ್ರೀ ಅಲ್ಲ. ಬೇಸಿಗೆಯಲ್ಲಿ ಮೋಟಾರ್ ರಿಪೇರಿಗೆ ಹೋದ ನಾಲ್ಕು ದಿನದಲ್ಲಿ ಒಣಗಿದ ಟೊಮೆಟೊಗೆ ಯಾರೂ ದುಡ್ಡು ಕೊಡಲ್ಲ. ತ್ರೀ ಫೇಸ್ ಸಿಗುವುದೇ ದಿನದಲ್ಲಿ ಕೆಲವು ಗಂಟೆ. ಆ ಹೊತ್ತಿನಲ್ಲಿ ವೈರಿನಲ್ಲೇ ಸೋರಿಹೋದ ವೋಲ್ಟೇಜ್ ಅಂದರೆ ಗದ್ದೆಗೆ ಬಾರದ ನೀರು.

ಈ ವಾರದ ಪಾಠದ ಒಂದೇ ಮಾತು ಇದು: ಮೋಟಾರ್ ಆಫ್ ಇದ್ದಾಗ ನೋಡಿದ ವೋಲ್ಟೇಜ್ ನಂಬಬೇಡಿ. ಮೋಟಾರ್ ಓಡುತ್ತಿರುವಾಗ, ಆಂಪಿಯರ್ ಜೊತೆಗೆ ನೋಡಿ. ಯಾಕೆ ಅನ್ನುವುದು ಪಾಠ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ.

ನಾಲ್ಕು ಪದ, ನೀರಿನ ಭಾಷೆಯಲ್ಲಿ

ಎಸ್ಸೆಸ್ಸೆಲ್ಸಿಯಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಅಂತೆಲ್ಲ ಓದಿರುತ್ತೀರಿ. ಡ್ರಿಪ್ ಹಾಕಿದವರಿಗೆ ಇದನ್ನು ಹೇಳುವುದು ಸುಲಭ.

ವೋಲ್ಟೇಜ್ ಅಂದರೆ ಪೈಪಿನಲ್ಲಿರುವ ಪ್ರೆಶರ್ ಇದ್ದ ಹಾಗೆ. ಅಳತೆ ವೋಲ್ಟ್‌ನಲ್ಲಿ.

ಕರೆಂಟ್ ಅಂದರೆ ಪೈಪಿನಲ್ಲಿ ಹರಿಯುವ ನೀರು ಇದ್ದ ಹಾಗೆ. ಅಳತೆ ಆಂಪಿಯರ್‌ನಲ್ಲಿ.

ರೋಧ ಅಂದರೆ ಪೈಪು ಆ ಹರಿವಿಗೆ ಒಡ್ಡುವ ಅಡ್ಡಿ. ಪೈಪು ಸಣ್ಣದಾದಷ್ಟೂ, ಉದ್ದವಾದಷ್ಟೂ ಅಡ್ಡಿ ಜಾಸ್ತಿ. ವೈರಿಗೂ ಅದೇ ನಿಯಮ. ಅಳತೆ ಓಮ್‌ನಲ್ಲಿ.

ಪವರ್ ಅಂದರೆ ಒಂದು ಸೆಕೆಂಡಿನಲ್ಲಿ ಆಗುವ ಕೆಲಸ. ಅಳತೆ ವಾಟ್‌ನಲ್ಲಿ. 746 ವಾಟ್ ಸೇರಿದರೆ ಒಂದು ಎಚ್‌ಪಿ, ಅಂದರೆ ಒಂದು ಕುದುರೆ ಶಕ್ತಿ. 1000 ವಾಟಿನ ಉಪಕರಣ ಒಂದು ಗಂಟೆ ಓಡಿದರೆ ಮೀಟರ್‌ನಲ್ಲಿ ಒಂದು ಯೂನಿಟ್.

ವಾಲ್ವ್ ಮುಚ್ಚಿದಾಗ ಪೈಪಿನ ಕೊನೆಯಲ್ಲೂ ಪ್ರೆಶರ್ ಫುಲ್ ತೋರಿಸುತ್ತದೆ, ನೋಡಿದ್ದೀರಲ್ಲ? ವಾಲ್ವ್ ತೆಗೆದು ನೀರು ಹರಿಯಲು ಶುರುವಾದ ಮೇಲೆಯೇ ಕೊನೆಯಲ್ಲಿ ಪ್ರೆಶರ್ ಎಷ್ಟು ಬಿತ್ತು ಅಂತ ತಿಳಿಯುವುದು. ವೈರಿನಲ್ಲೂ ಹಾಗೆಯೇ. ಮೋಟಾರ್ ಆಫ್ ಇದ್ದಾಗ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ವೈರಿನಲ್ಲಿ ವೋಲ್ಟೇಜ್ ಬೀಳುವುದೂ ಇಲ್ಲ. ಕೊಳೆತ ಜಾಯಿಂಟ್ ಇದ್ದರೂ ಮೀಟರ್ ಚೆನ್ನಾಗೇ ತೋರಿಸುತ್ತದೆ.

ಎರಡೇ ಸೂತ್ರ

ಜರ್ಮನಿಯ ಜಾರ್ಜ್ ಸೈಮನ್ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ನಿಯಮವೇ ಇವತ್ತಿಗೂ ನಮ್ಮ ಮೊದಲ ಸೂತ್ರ.

ರೋಧ = ವೋಲ್ಟ್ ÷ ಆಂಪಿಯರ್

ಪವರ್ = ವೋಲ್ಟ್ × ಆಂಪಿಯರ್

ಇವೆರಡನ್ನು ಸೇರಿಸಿದರೆ ಮೂರನೆಯದು ತಾನಾಗಿಯೇ ಬರುತ್ತದೆ.

ಪವರ್ = ಆಂಪಿಯರ್ × ಆಂಪಿಯರ್ × ರೋಧ

ಮೂರನೆಯದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ವೈರಿನಲ್ಲಿ, ಜಾಯಿಂಟ್‌ನಲ್ಲಿ, ವೈಂಡಿಂಗ್‌ನಲ್ಲಿ ಹುಟ್ಟುವ ಬಿಸಿಯ ಲೆಕ್ಕ ಇದರಿಂದಲೇ ಸಿಗುವುದು. ಆಂಪಿಯರ್ ಎರಡು ಸಲ ಗುಣಿಸಿದೆ ಅನ್ನುವುದನ್ನು ಗಮನಿಸಿ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಮೊದಲು ಸುಲಭದ ಉದಾಹರಣೆ. ಮನೆಯಲ್ಲಿ ನೀರು ಕಾಯಿಸುವ 1000 ವಾಟಿನ ಕಾಯಿಲ್ ಇದೆ ಅಂದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು ಎಳೆಯುವ ಕರೆಂಟ್ 1000 ÷ 230, ಅಂದರೆ 4.35 ಆಂಪಿಯರ್. ಅದರ ರೋಧ 230 ÷ 4.35, ಸುಮಾರು 53 ಓಮ್.

ಸಂಜೆ ವೋಲ್ಟೇಜ್ 200ಕ್ಕೆ ಇಳಿಯಿತು. ಕಾಯಿಲ್ ಅದೇ, ರೋಧ ಸುಮಾರಾಗಿ ಅದೇ. ಕರೆಂಟ್ 200 ÷ 53 = 3.77 ಆಂಪಿಯರ್. ಪವರ್ 200 × 3.77 = 754 ವಾಟ್. ವೋಲ್ಟೇಜ್ ಬಿದ್ದದ್ದು ಶೇಕಡಾ 13. ಬಿಸಿ ಕಡಿಮೆಯಾದದ್ದು ಸುಮಾರು ಶೇಕಡಾ 25. ಕರೆಂಟ್ ಡಿಮ್ ಇದ್ದ ದಿನ ನೀರು ಬೇಗ ಕಾಯಲ್ಲ ಅನ್ನೋದಕ್ಕೆ ಕಾರಣ ಇದೇ. ನೀರು ತಡವಾಗಿ ಕಾಯುತ್ತದೆ, ಕಾಯಿಲ್‌ಗೆ ಮಾತ್ರ ಏನೂ ತೊಂದರೆ ಇಲ್ಲ.

ಮೋಟಾರ್ ಕಾಯಿಲ್ ತರಹ ಅಲ್ಲ

ಮೋಟಾರ್‌ಗೆ ನೀರು ಎತ್ತುವ ಕೆಲಸ ಹಚ್ಚಿದ್ದೀರಿ. ವೋಲ್ಟೇಜ್ ಕಡಿಮೆಯಾದರೂ ಅದು ಹೆಚ್ಚುಕಮ್ಮಿ ಅದೇ ಕೆಲಸ ಮಾಡಲು ನೋಡುತ್ತದೆ. ವೋಲ್ಟ್ ಕಡಿಮೆ ಸಿಕ್ಕಿದರೆ ಆಂಪಿಯರ್ ಜಾಸ್ತಿ ಎಳೆದು ಸರಿದೂಗಿಸುತ್ತದೆ. ಕಾಯಿಲ್ ತಣ್ಣಗಾಗುವ ಕಡೆ ಮೋಟಾರ್ ಬಿಸಿಯಾಗುತ್ತದೆ. ಲೋ ವೋಲ್ಟೇಜ್‌ನಲ್ಲಿ ಮೋಟಾರ್ ಸುಡುವುದು ಹೀಗೆ.

ಮೋಟಾರ್ ಲೆಕ್ಕ ಮಾಡುವಾಗ ಎರಡು ವಿಷಯದಲ್ಲಿ ಹುಷಾರಾಗಿರಿ.

ಮೊದಲನೆಯದು ಪವರ್ ಫ್ಯಾಕ್ಟರ್. ಮೋಟಾರ್ ಎಳೆಯುವ ಕರೆಂಟ್ ಪೂರ್ತಿ ಕೆಲಸಕ್ಕೆ ಹೋಗುವುದಿಲ್ಲ. ಒಂದು ಪಾಲು ಅಯಸ್ಕಾಂತ ಶಕ್ತಿ ಹುಟ್ಟಿಸಲು ಹೋಗಿ ವಾಪಸ್ ಬರುತ್ತಾ ಇರುತ್ತದೆ. ಅದಕ್ಕೇ ಮೋಟಾರ್‌ನ ಪವರ್ ಲೆಕ್ಕದಲ್ಲಿ ಪವರ್ ಫ್ಯಾಕ್ಟರ್ ಎಂಬ ಸಂಖ್ಯೆಯಿಂದಲೂ ಗುಣಿಸಬೇಕು. ನೇಮ್‌ಪ್ಲೇಟ್‌ನಲ್ಲಿ ಇಲ್ಲದಿದ್ದರೆ ಅಂದಾಜಿಗೆ 0.8 ಹಿಡಿಯಿರಿ. ಉದಾಹರಣೆಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ 230 ವೋಲ್ಟ್‌ನಲ್ಲಿ 7 ಆಂಪಿಯರ್ ಎಳೆಯುತ್ತಿದ್ದರೆ 230 × 7 × 0.8 = 1288 ವಾಟ್. ಶಾಫ್ಟ್‌ನಲ್ಲಿ ಸಿಗುವುದು 746 ವಾಟ್. ಉಳಿದದ್ದು ಮೋಟಾರ್ ಒಳಗೇ ಬಿಸಿಯಾಗಿ, ಘರ್ಷಣೆಯಾಗಿ ಹೋಗುತ್ತದೆ.

ಎರಡನೆಯದು ರೋಧ. ಓಡುವ ಮೋಟಾರ್‌ನ ವೋಲ್ಟ್ ಅನ್ನು ಆಂಪಿಯರ್‌ನಿಂದ ಭಾಗಿಸಿದರೆ 230 ÷ 7 = 33 ಓಮ್ ಬರುತ್ತದೆ. ಅದೇ ಮೋಟಾರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಕೆಲವೇ ಓಮ್ ತೋರಿಸುತ್ತದೆ. "ವೈಂಡಿಂಗ್ ಶಾರ್ಟ್ ಆಗಿದೆ" ಅಂತ ಗಾಬರಿ ಆಗಬೇಡಿ. ಓಡುವ ಮೋಟಾರ್‌ನಲ್ಲಿ ತಂತಿಯ ರೋಧದ ಜೊತೆಗೆ ಅಯಸ್ಕಾಂತದ ಎದುರು ಒತ್ತಡವೂ ಕರೆಂಟನ್ನು ತಡೆಯುತ್ತಿರುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಆ ತಡೆ ಕಡಿಮೆ, ಹಾಗಾಗಿಯೇ ಮೋಟಾರ್ ಆಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಟ್ಟಿನಲ್ಲಿ ವೋಲ್ಟ್ ÷ ಆಂಪಿಯರ್ ಸೂತ್ರವನ್ನು ಕಾಯಿಲ್‌ಗೆ, ವೈರಿಗೆ, ಜಾಯಿಂಟ್‌ಗೆ ಬಳಸಿ. ಮೋಟಾರ್‌ಗೆ ಬಳಸಬೇಡಿ.

ವೈರಿನ ರೋಧ ಎಷ್ಟಿರಬೇಕು?

ಇದಕ್ಕೆ ಸುಲಭ ಲೆಕ್ಕ ಇದೆ. ವೈರಿನ ಮೇಲೆ 2.5, 4, 6 ಅಂತ ಚದರ ಮಿಲಿಮೀಟರ್ ಬರೆದಿರುತ್ತದೆ. ಅದನ್ನೇ ನಾವು "ಸ್ಕ್ವೇರ್ ಎಂಎಂ" ಅನ್ನುವುದು.

ತಾಮ್ರದ ವೈರ್: 18 ÷ ಸ್ಕ್ವೇರ್ ಎಂಎಂ = ಒಂದು ಕಿಲೋಮೀಟರಿಗೆ ಎಷ್ಟು ಓಮ್

ಅಲ್ಯೂಮಿನಿಯಂ ವೈರ್: 28 ÷ ಸ್ಕ್ವೇರ್ ಎಂಎಂ = ಒಂದು ಕಿಲೋಮೀಟರಿಗೆ ಎಷ್ಟು ಓಮ್

4 ಸ್ಕ್ವೇರ್ ಎಂಎಂ ತಾಮ್ರ ಆದರೆ ಕಿಲೋಮೀಟರಿಗೆ 4.5 ಓಮ್. ಅದೇ ದಪ್ಪದ ಅಲ್ಯೂಮಿನಿಯಂ ಆದರೆ 7 ಓಮ್. ಬಿಸಿಲಿಗೆ, ಲೋಡ್‌ಗೆ ವೈರ್ ಕಾದರೆ ಇದು ಇನ್ನೂ ಸ್ವಲ್ಪ ಏರುತ್ತದೆ. ಅಂದಾಜಿಗೆ ಇಷ್ಟು ಸಾಕು.

ಸಿಂಗಲ್ ಫೇಸ್‌ನಲ್ಲಿ ಕರೆಂಟ್ ಒಂದು ವೈರಿನಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು. ಹಾಗಾಗಿ ದೂರವನ್ನು ಎರಡರಿಂದ ಗುಣಿಸುವುದು ಮರೆಯಬೇಡಿ.

ಉದಾಹರಣೆ: ಬಾವಿ ಹತ್ತಿರದ ಮೋಟಾರ್

ಮೀಟರ್ ಬೋರ್ಡ್‌ನಿಂದ 120 ಮೀಟರ್ ದೂರದಲ್ಲಿ ತೆರೆದ ಬಾವಿ. 1.5 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. 4 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ವೈರ್. ಮಧ್ಯದಲ್ಲಿ ಒಂದು ಕಡೆ ವೈರ್ ತುಂಡಾಗಿತ್ತು, ತಿರುಚಿ ಟೇಪ್ ಸುತ್ತಿದ್ದಾರೆ. ನೀರು ಮೊದಲಿನಷ್ಟು ಬರುತ್ತಿಲ್ಲ, ಮೋಟಾರ್ ಬಿಸಿಯಾಗುತ್ತಿದೆ.

ಒಬ್ಬರು ಮೀಟರ್ ಬೋರ್ಡ್ ಹತ್ತಿರ, ಒಬ್ಬರು ಮೋಟಾರ್ ಹತ್ತಿರ ನಿಲ್ಲಿ. ಫೋನ್‌ನಲ್ಲಿ ಮಾತಾಡುತ್ತಾ ಇಬ್ಬರೂ ಒಂದೇ ಹೊತ್ತಿಗೆ ರೀಡಿಂಗ್ ನೋಡಿ. ವೋಲ್ಟೇಜ್ ನಿಮಿಷ ನಿಮಿಷಕ್ಕೂ ಏರಿಳಿಯುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಮೋಟಾರ್ ಆಫ್: ಬೋರ್ಡ್‌ನಲ್ಲಿ 230, ಮೋಟಾರ್ ಹತ್ತಿರವೂ 230. ಎಲ್ಲಾ ಸರಿ ಇದೆ ಅನ್ನಿಸುತ್ತದೆ.

ಮೋಟಾರ್ ಆನ್: ಬೋರ್ಡ್‌ನಲ್ಲಿ 225, ಮೋಟಾರ್ ಹತ್ತಿರ 195. ಕ್ಲಾಂಪ್ ಮೀಟರ್‌ನಲ್ಲಿ 10 ಆಂಪಿಯರ್.

ಈಗ ಲೆಕ್ಕ ಮಾಡೋಣ.

1. ದಾರಿಯಲ್ಲಿ ಕಳೆದುಹೋದ ವೋಲ್ಟೇಜ್: 225 − 195 = 30 ವೋಲ್ಟ್.

2. ದಾರಿಯ ಒಟ್ಟು ರೋಧ: 30 ÷ 10 = 3 ಓಮ್.

3. ವೈರಿನ ರೋಧ ಇರಬೇಕಾದದ್ದು: ಹೋಗಿಬರುವ ದೂರ 240 ಮೀಟರ್, ಅಂದರೆ 0.24 ಕಿಲೋಮೀಟರ್. 7 × 0.24 = 1.68 ಓಮ್.

4. ಹೆಚ್ಚುವರಿ ರೋಧ: 3 − 1.68 = 1.32 ಓಮ್.

ಈ 1.32 ಓಮ್ ಎಲ್ಲಿಂದ ಬಂತು? ವೈರ್ ತಾನಾಗಿ ಸಣ್ಣದಾಗಲ್ಲ. ಇದು ಬರುವುದು ಜಾಯಿಂಟ್, ಫ್ಯೂಸ್ ಹೋಲ್ಡರ್, ಸ್ವಿಚ್ ಅಥವಾ ಸಡಿಲ ಸ್ಕ್ರೂನಿಂದ. ಈ ಉದಾಹರಣೆಯಲ್ಲಿ ಮೊದಲ ಅನುಮಾನ ಟೇಪ್ ಸುತ್ತಿದ ಜಾಯಿಂಟ್ ಮೇಲೆ.

5. ಅಲ್ಲಿ ಹುಟ್ಟುತ್ತಿರುವ ಬಿಸಿ: 10 × 10 × 1.32 = 132 ವಾಟ್.

132 ವಾಟ್ ಅಂದರೆ ಎಷ್ಟು ಅಂತ ಊಹಿಸಿ. ರೇಡಿಯೊ ರಿಪೇರಿಯವರ ಹತ್ತಿರ ಇರುವ 25 ವಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ. ಅಂಥ ಐದು ಐರನ್‌ಗಳ ಬಿಸಿ ಬೆರಳುದ್ದದ ಒಂದು ಜಾಯಿಂಟ್‌ನಲ್ಲಿ! ಟೇಪ್ ಕರಗುತ್ತದೆ. ಪಕ್ಕದಲ್ಲಿ ಒಣ ಹುಲ್ಲು, ಕಬ್ಬಿನ ರವದಿ ಇದ್ದರೆ ಬೆಂಕಿ ಹತ್ತಬಹುದು. ಟೇಪ್ ಹೋದ ಬರಿ ತಂತಿ ಒದ್ದೆ ಬದುವಿಗೆ ತಾಗಿದರೆ ಹಸುವೋ ಮನುಷ್ಯನೋ ಬಲಿಯಾಗಬಹುದು. ಅದಕ್ಕೇ ಈ ಲೆಕ್ಕವನ್ನು ಹಗುರವಾಗಿ ತಗೊಳ್ಳಬೇಡಿ.

ಜಾಯಿಂಟ್ ಸರಿಮಾಡಿದರೆ ಕಳೆದುಹೋಗುವುದು 10 × 1.68 = 17 ವೋಲ್ಟ್ ಮಾತ್ರ. ಮೋಟಾರ್‌ಗೆ 195ರ ಬದಲು 208 ವೋಲ್ಟ್ ಸಿಗುತ್ತದೆ. ಇನ್ನೂ ಸುಧಾರಿಸಬೇಕಾದರೆ ದಪ್ಪ ವೈರ್ ಹಾಕಬೇಕು. ಆದರೆ ಮೊದಲು ಜಾಯಿಂಟ್, ಆಮೇಲೆ ವೈರ್. ಈ ಲೆಕ್ಕ ಮಾಡದೆ ಹೊಸ ವೈರ್ ತಂದು, ಹಳೇ ಸ್ವಿಚ್ ಹಾಗೇ ಉಳಿಸಿದರೆ ದುಡ್ಡು ದಂಡ.

ಒಂದು ಮಾತು: ಮೋಟಾರ್ ಲೈನಿನಲ್ಲಿ ಪವರ್ ಫ್ಯಾಕ್ಟರ್ ಇರುವುದರಿಂದ ಈ ಲೆಕ್ಕ ಅಂದಾಜಿನದು. ನಿಜವಾದ ರೋಧ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ದೋಷ ಹುಡುಕುವುದಕ್ಕೆ ಇಷ್ಟು ಧಾರಾಳವಾಗಿ ಸಾಕು.

"ಮಲ್ಟಿಮೀಟರ್‌ನಲ್ಲಿ ನೇರವಾಗಿ ಓಮ್ ನೋಡಬಹುದಲ್ಲ?" ಅಂತ ಕೇಳಬಹುದು. ಮೀಟರ್‌ನ ಸ್ವಂತ ಪ್ರೋಬ್ ವೈರಿಗೇ ಸ್ವಲ್ಪ ರೋಧ ಇರುತ್ತದೆ, ಒಂದೆರಡು ಓಮ್ ಅಳೆಯುವಾಗ ಅದೂ ಸೇರಿಬಿಡುತ್ತದೆ. ಮೀಟರ್ ಹರಿಸುವ ಕರೆಂಟೂ ತೀರಾ ಚಿಕ್ಕದು. 10 ಆಂಪಿಯರ್ ಹರಿದು ಕಾದಾಗ ಜಾಯಿಂಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ಅದು ಹೇಳಲ್ಲ. ಓಡುವಾಗಿನ ವೋಲ್ಟ್, ಆಂಪಿಯರ್ ಮಾತ್ರ ನಿಜ ಹೇಳುತ್ತವೆ.

ತ್ರೀ ಫೇಸ್ ಬೋರ್‌ವೆಲ್ ಲೆಕ್ಕ

ತ್ರೀ ಫೇಸ್‌ನಲ್ಲಿ ಒಂದು ಹೊಸ ಸಂಖ್ಯೆ ಸೇರುತ್ತದೆ: 1.732. ಇದು ಮೂರರ ವರ್ಗಮೂಲ.

ಪವರ್ = 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್

ಇಲ್ಲಿ ವೋಲ್ಟ್ ಅಂದರೆ ಎರಡು ಫೇಸ್ ನಡುವಿನ ವೋಲ್ಟೇಜ್, ಅಂದರೆ 415ರ ಆಸುಪಾಸು. ಆಂಪಿಯರ್ ಅಂದರೆ ಒಂದು ವೈರಿನಲ್ಲಿ ಹರಿಯುವುದು.

ಬೋರ್‌ವೆಲ್‌ನಲ್ಲಿ ಮೋಟಾರ್ ಕೆಳಗಿರುತ್ತದೆ, ಅಲ್ಲಿ ಹೋಗಿ ವೋಲ್ಟೇಜ್ ನೋಡಲು ಆಗಲ್ಲ. ಹಾಗಾಗಿ ಕೇಬಲ್ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. 5 ಎಚ್‌ಪಿ ಸಬ್‌ಮರ್ಸಿಬಲ್, ನೇಮ್‌ಪ್ಲೇಟ್ ಪ್ರಕಾರ 9 ಆಂಪಿಯರ್, ಸ್ಟಾರ್ಟರ್‌ನಿಂದ ಮೋಟಾರ್‌ವರೆಗೆ ಒಟ್ಟು ಕೇಬಲ್ 200 ಮೀಟರ್ ಅಂದುಕೊಳ್ಳೋಣ. ತಾಮ್ರದ ಕೇಬಲ್. ತ್ರೀ ಫೇಸ್‌ನಲ್ಲಿ ದೂರವನ್ನು ಎರಡರಿಂದ ಗುಣಿಸಬೇಡಿ. ಒಂದು ವೈರಿನಲ್ಲಿ ಬೀಳುವ ವೋಲ್ಟೇಜನ್ನು 1.732ರಿಂದ ಗುಣಿಸಿದರೆ ಎರಡು ಫೇಸ್ ನಡುವೆ ಬೀಳುವ ವೋಲ್ಟೇಜ್ ಸಿಗುತ್ತದೆ. ಬಿಸಿಯ ಲೆಕ್ಕದಲ್ಲಿ ಮೂರು ವೈರ್ ಇರುವುದರಿಂದ 3ರಿಂದ ಗುಣಿಸಿ.

2.5 ಸ್ಕ್ವೇರ್ ಎಂಎಂ: ಒಂದು ವೈರಿನ ರೋಧ 1.44 ಓಮ್. ಬೀಳುವ ವೋಲ್ಟೇಜ್ 22. ಕೇಬಲ್‌ನಲ್ಲಿ ಹಾಳಾಗುವ ಪವರ್ 350 ವಾಟ್.

4 ಸ್ಕ್ವೇರ್ ಎಂಎಂ: ರೋಧ 0.9 ಓಮ್. ಬೀಳುವ ವೋಲ್ಟೇಜ್ 14. ಹಾಳಾಗುವ ಪವರ್ 219 ವಾಟ್.

6 ಸ್ಕ್ವೇರ್ ಎಂಎಂ: ರೋಧ 0.6 ಓಮ್. ಬೀಳುವ ವೋಲ್ಟೇಜ್ ಸುಮಾರು 9. ಹಾಳಾಗುವ ಪವರ್ 146 ವಾಟ್.

ಕೇಬಲ್‌ನಲ್ಲಿ ಬೀಳುವ ವೋಲ್ಟೇಜ್ ಶೇಕಡಾ 3ರೊಳಗೆ ಇದ್ದರೆ ಒಳ್ಳೆಯದು. 415ಕ್ಕೆ ಶೇಕಡಾ 3 ಅಂದರೆ 12 ವೋಲ್ಟ್. ಹಾಗಾಗಿ ಈ ಬೋರ್‌ಗೆ 6 ಸ್ಕ್ವೇರ್ ಎಂಎಂ ಸರಿ, 4 ಸ್ವಲ್ಪ ಬಿಗಿ, 2.5 ಬೇಡವೇ ಬೇಡ. ಬೋರ್ ಆಳ ಮಾಡಿಸಿ, ಪೈಪ್ ಸೇರಿಸಿ, ಹಳೇ ಕೇಬಲ್‌ಗೇ ತುಂಡು ಜೋಡಿಸುವವರು ಈ ಲೆಕ್ಕ ಮೊದಲು ಮಾಡಿ.

ಲೋ ವೋಲ್ಟೇಜ್ ಸೇರಿದರೆ?

ಈಗ ಅದೇ ಬೋರ್‌ಗೆ ಸ್ಟಾರ್ಟರ್ ಹತ್ತಿರ 415ರ ಬದಲು 370 ವೋಲ್ಟ್ ಬರುತ್ತಿದೆ ಅಂದುಕೊಳ್ಳಿ.

2.5ರ ಕೇಬಲ್ ಇದ್ದರೆ ಮೋಟಾರ್ ಸುಮಾರು 11 ಆಂಪಿಯರ್ ಎಳೆಯುತ್ತದೆ. ಕೇಬಲ್‌ನಲ್ಲಿ 27 ವೋಲ್ಟ್ ಬೀಳುತ್ತದೆ. ಮೋಟಾರ್‌ಗೆ ಸಿಗುವುದು 343 ವೋಲ್ಟ್. ವೈಂಡಿಂಗ್‌ನ ಬಿಸಿ ಎಷ್ಟು ಏರಿತು? 11 ÷ 9 = 1.22. ಅದನ್ನು ಅದರಿಂದಲೇ ಗುಣಿಸಿ: 1.49. ಅಂದರೆ ಬಿಸಿ ಸುಮಾರು ಒಂದೂವರೆ ಪಟ್ಟು!

6ರ ಕೇಬಲ್ ಇದ್ದರೆ ಮೋಟಾರ್‌ಗೆ ಸುಮಾರು 359 ವೋಲ್ಟ್ ಸಿಗುತ್ತದೆ, ಕರೆಂಟ್ 10.4 ಆಂಪಿಯರ್, ಬಿಸಿ 1.34 ಪಟ್ಟು. ದಪ್ಪ ಕೇಬಲ್‌ನಿಂದ ಲೋ ವೋಲ್ಟೇಜ್ ವಾಸಿಯಾಗಲ್ಲ, ಆದರೆ ಹಾನಿ ಕಡಿಮೆಯಾಗುತ್ತದೆ.

ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಇರುವುದು ಇದಕ್ಕೇ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಡಯಲ್ ತಿರುಗಿಸಿ ಆಂಪಿಯರ್ ಏರಿಸುವವರು ಬಹಳ ಜನ ಇದ್ದಾರೆ. ಹಾಗೆ ಮಾಡಿದರೆ ಟ್ರಿಪ್ ಆಗುವುದು ನಿಲ್ಲುತ್ತದೆ, ಮೋಟಾರ್ ಸುಡುವುದು ಶುರುವಾಗುತ್ತದೆ. ಡಯಲ್ ನೇಮ್‌ಪ್ಲೇಟ್ ಆಂಪಿಯರ್‌ಗೇ ಇರಲಿ. ಯಾಕೆ ಟ್ರಿಪ್ ಆಯಿತು ಅಂತ ಹುಡುಕಿ.

ಟಿಸಿ ಎಷ್ಟು ಮೋಟಾರ್ ತಡೆಯುತ್ತದೆ?

ಲೋ ವೋಲ್ಟೇಜ್ ಕಾರಣ ಟಿಸಿಯಲ್ಲೂ ಇರಬಹುದು. ಟಿಸಿಯ ಮೇಲೆ 25 ಕೆವಿಎ, 63 ಕೆವಿಎ ಅಂತ ಬರೆದಿರುತ್ತದೆ. ಕೆವಿಎ ಲೆಕ್ಕದಲ್ಲಿ ಪವರ್ ಫ್ಯಾಕ್ಟರ್ ಸೇರಿಸುವುದಿಲ್ಲ.

ಒಂದು 5 ಎಚ್‌ಪಿ ಮೋಟಾರ್: 1.732 × 415 × 9 = 6469, ಅಂದರೆ ಸುಮಾರು 6.5 ಕೆವಿಎ.

25 ÷ 6.5 = 3.8. ಅಂದರೆ 25 ಕೆವಿಎ ಟಿಸಿಗೆ ನಾಲ್ಕು ಮೋಟಾರ್ ಒಟ್ಟಿಗೆ ಓಡಿದರೇ ತುಂಬಿತು. ಐದನೆಯವರು ಸೇರಿದರೆ, ಇಲ್ಲಾಂದ್ರೆ ಯಾರಾದರೂ 5 ಎಚ್‌ಪಿ ಅಂತ ಹೇಳಿ 7.5 ಇಳಿಸಿದರೆ, ಎಲ್ಲರ ವೋಲ್ಟೇಜೂ ಬೀಳುತ್ತದೆ. ನಾಳೆ ಟಿಸಿ ಸುಟ್ಟರೆ ಎಲ್ಲರ ಬೆಳೆಯೂ ಒಣಗುತ್ತದೆ.

ಆಟೋ ಸ್ಟಾರ್ಟರ್ ಇರುವ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಕರೆಂಟ್ ಬಂದ ತಕ್ಷಣ ಎಲ್ಲಾ ಮೋಟಾರ್ ಒಂದೇ ಸಲ ಐದಾರು ಪಟ್ಟು ಕರೆಂಟ್ ಎಳೆಯುತ್ತವೆ. ವೋಲ್ಟೇಜ್ ಕುಸಿದು ಯಾವ ಮೋಟಾರೂ ಸರಿಯಾಗಿ ಎತ್ತಿಕೊಳ್ಳಲ್ಲ. ಒಂದೇ ಟಿಸಿಯವರು ಕೂತು ಮಾತಾಡಿ, ಆಟೋ ಸ್ಟಾರ್ಟರ್‌ನ ಟೈಮರ್‌ನಲ್ಲಿ ಒಬ್ಬೊಬ್ಬರು ಒಂದೊಂದು ನಿಮಿಷ ಅಂತರ ಇಟ್ಟುಕೊಳ್ಳಿ. ಖರ್ಚಿಲ್ಲದ ಪರಿಹಾರ.

ದೋಷ ಎಲ್ಲಿದೆ ಅಂತ ತಿಳಿಯುವುದು ಹೇಗೆ?

• ಮೋಟಾರ್ ಆಫ್ ಇದ್ದಾಗಲೇ ಮೀಟರ್ ಬೋರ್ಡ್‌ನಲ್ಲಿ ವೋಲ್ಟೇಜ್ ಕಡಿಮೆ: ಸಾಮಾನ್ಯವಾಗಿ ದೋಷ ನಿಮ್ಮ ವೈರಿನದಲ್ಲ. ಲೈನ್ ಅಥವಾ ಟಿಸಿ ಕಡೆಯದು.

• ಆಫ್ ಇದ್ದಾಗ ಸರಿ, ಆನ್ ಮಾಡಿದಾಗ ಮೀಟರ್ ಬೋರ್ಡ್‌ನಲ್ಲೇ ಬಹಳ ಬೀಳುತ್ತದೆ: ಕಂಬದಿಂದ ಬರುವ ಸರ್ವಿಸ್ ವೈರ್, ಕಂಬದ ಮೇಲಿನ ಜಾಯಿಂಟ್, ಇಲ್ಲವೇ ಟಿಸಿ ಓವರ್‌ಲೋಡ್.

• ಮೀಟರ್ ಬೋರ್ಡ್‌ನಲ್ಲಿ ಸರಿ, ಸ್ಟಾರ್ಟರ್‌ನಲ್ಲಿ ಕಡಿಮೆ: ನಡುವಿನ ವೈರ್, ಮೇನ್ ಸ್ವಿಚ್, ಫ್ಯೂಸ್.

• ಸ್ಟಾರ್ಟರ್‌ಗೆ ಬರುವ ಕಡೆ ಸರಿ, ಹೋಗುವ ಕಡೆ ಕಡಿಮೆ: ಸ್ಟಾರ್ಟರ್‌ನ ಕಾಂಟ್ಯಾಕ್ಟ್ ಸುಟ್ಟಿದೆ.

• ವೋಲ್ಟೇಜ್ ಎಲ್ಲಾ ಕಡೆ ಸರಿ, ಆಂಪಿಯರ್ ಮಾತ್ರ ಜಾಸ್ತಿ: ಮೋಟಾರ್ ಅಥವಾ ಪಂಪ್ ನೋಡಿಸಿ. ಬೇರಿಂಗ್ ಹಿಡಿದಿರಬಹುದು, ಮರಳು ಸೇರಿರಬಹುದು.

ಮೊದಲ ಎರಡು ಆದರೆ 1912ಕ್ಕೆ ಫೋನ್ ಮಾಡಿ ದೂರು ಕೊಡಿ. "ವೋಲ್ಟೇಜ್ ಲೋ" ಅಂತಷ್ಟೇ ಹೇಳಬೇಡಿ. "ಬೆಳಗ್ಗೆ 10 ಗಂಟೆಗೆ ಮೀಟರ್ ಬೋರ್ಡ್‌ನಲ್ಲಿ ಮೋಟಾರ್ ಆಫ್ ಇದ್ದಾಗ 372, ಆನ್ ಮಾಡಿದಾಗ 348, 11 ಆಂಪಿಯರ್" ಅಂತ ಅಂಕಿ ಸಮೇತ ಹೇಳಿ. ಕಂಬ, ಟಿಸಿ ಮುಟ್ಟುವ ಕೆಲಸ ಲೈನ್‌ಮನ್‌ಗಳದು, ನೀವು ಹತ್ತಬೇಡಿ.

ಅಳೆಯುವಾಗ ಜೀವ ಮೊದಲು

1. ಕ್ಲಾಂಪ್ ಮೀಟರ್ ಒಂದು ವೈರಿಗೆ ಮಾತ್ರ ಹಾಕಿ. ಪೂರ್ತಿ ಕೇಬಲ್ ಹಿಡಿದರೆ ಹೋಗುವ, ಬರುವ ಕರೆಂಟ್ ಒಂದಕ್ಕೊಂದು ಕಳೆದು ಸೊನ್ನೆ ತೋರಿಸುತ್ತದೆ. ಕ್ಲಾಂಪ್ ಮೀಟರ್‌ಗೆ ವೈರ್ ಬಿಚ್ಚಬೇಕಿಲ್ಲ, ಹಾಗಾಗಿ ಅದೇ ಸುರಕ್ಷಿತ.

2. ಮಲ್ಟಿಮೀಟರ್‌ನ ಆಂಪಿಯರ್ ತೂತಿನಲ್ಲಿ ಪ್ರೋಬ್ ಇಟ್ಟು ಫೇಸ್ ಮತ್ತು ನ್ಯೂಟ್ರಲ್ ಮುಟ್ಟಿಸಲೇಬೇಡಿ. ನೇರ ಶಾರ್ಟ್ ಆಗುತ್ತದೆ, ಮೀಟರ್ ಕೈಯಲ್ಲೇ ಸಿಡಿಯಬಹುದು.

3. ಓಮ್ ರೇಂಜ್ ಬಳಸುವುದು ಮೇನ್ ಆಫ್ ಮಾಡಿದ ಮೇಲೆ ಮಾತ್ರ.

4. ವೋಲ್ಟೇಜ್ ನೋಡುವಾಗ ಮೀಟರ್ ಎಸಿ ವೋಲ್ಟ್‌ನಲ್ಲಿ, 600 ಅಥವಾ ಅದಕ್ಕಿಂತ ಮೇಲಿನ ರೇಂಜ್‌ನಲ್ಲಿರಲಿ. ಪ್ರೋಬ್ ವೈರ್ ಸೀಳಿದ್ದರೆ ಬಳಸಬೇಡಿ.

5. ಒದ್ದೆ ಕೈ, ಬರಿಗಾಲು ಬೇಡ. ಒಣಗಿದ ಹಲಗೆ ಮೇಲೆ ನಿಂತು, ರಬ್ಬರ್ ಚಪ್ಪಲಿ ಹಾಕಿ. ಒಬ್ಬರೇ ಇರಬೇಡಿ.

6. ಸಿಂಗಲ್ ಫೇಸ್ ಸ್ಟಾರ್ಟರ್‌ನ ಕೆಪಾಸಿಟರ್‌ನಲ್ಲಿ ಮೇನ್ ಆಫ್ ಆದ ಮೇಲೂ ಕರೆಂಟ್ ಉಳಿದಿರುತ್ತದೆ. ಅದರ ತುದಿ ಮುಟ್ಟಬೇಡಿ.

7. ಸ್ಟಾರ್ಟರ್ ಮುಚ್ಚಳ ತೆಗೆದು ಅಳೆಯುವ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಅಳೆಯಲು ಹೇಳಿ. ಲೆಕ್ಕ ನೀವು ಮಾಡಿ.

ಮೊಬೈಲ್‌ನಲ್ಲಿ ಇಟ್ಟುಕೊಳ್ಳಬೇಕಾದ್ದು

ಮೋಟಾರ್ ಬಾವಿಗೆ, ಬೋರ್‌ಗೆ ಇಳಿಸುವ ಮೊದಲು ನೇಮ್‌ಪ್ಲೇಟ್ ಫೋಟೋ ತೆಗೆದಿಡಿ. ಇಳಿಸಿದ ಮೇಲೆ ನೋಡಲು ಸಿಗಲ್ಲ. ಕೇಬಲ್ ಮೇಲಿನ ಬರಹದ ಫೋಟೋ ಕೂಡ ಇರಲಿ. ಹೊಸ ಮೋಟಾರ್ ಹಾಕಿದ ದಿನ ಆಫ್ ವೋಲ್ಟ್, ಆನ್ ವೋಲ್ಟ್, ಆಂಪಿಯರ್ ಮೂರನ್ನೂ ದಿನಾಂಕದ ಜೊತೆ ನೋಟ್ಸ್‌ನಲ್ಲಿ ಬರೆದುಕೊಳ್ಳಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ವೋಲ್ಟೇಜ್ ಹೆಚ್ಚುಕಮ್ಮಿ ಅಷ್ಟೇ ಇದ್ದು ಆಂಪಿಯರ್ ಏರುತ್ತಾ ಹೋದರೆ, ಮೋಟಾರ್ ಸುಡುವ ಮೊದಲೇ ನಿಮಗೆ ಎಚ್ಚರಿಕೆ ಸಿಕ್ಕಿತು ಅಂತ ಅರ್ಥ.

ನೀವೇ ಮಾಡಿ ನೋಡಿ

ಪ್ರಶ್ನೆ 1. ಒಂದು ನೀರಿನ ಹೀಟರ್ 220 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ರೋಧ, ಪವರ್ ಎಷ್ಟು? ಎರಡು ಗಂಟೆಗೆ ಎಷ್ಟು ಯೂನಿಟ್?

ಪ್ರಶ್ನೆ 2. ಸಿಂಗಲ್ ಫೇಸ್ ಮೋಟಾರ್, 100 ಮೀಟರ್ ದೂರ, 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 7 ಆಂಪಿಯರ್. ವೈರಿನಲ್ಲಿ ಎಷ್ಟು ವೋಲ್ಟ್ ಬೀಳುತ್ತದೆ?

ಪ್ರಶ್ನೆ 3. ಬೋರ್ಡ್‌ನಲ್ಲಿ 230, ಮೋಟಾರ್ ಹತ್ತಿರ 212, ಕರೆಂಟ್ 9 ಆಂಪಿಯರ್. ದೂರ 50 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರ. ವೈರ್ ಬದಲಿಸಬೇಕೋ, ಜಾಯಿಂಟ್ ಹುಡುಕಬೇಕೋ?

ಉತ್ತರ 1. 220 ÷ 5 = 44 ಓಮ್. 220 × 5 = 1100 ವಾಟ್. ಎರಡು ಗಂಟೆಗೆ 2.2 ಯೂನಿಟ್.

ಉತ್ತರ 2. 18 ÷ 2.5 = 7.2 ಓಮ್. ಹೋಗಿಬರುವ ದೂರ 0.2 ಕಿಲೋಮೀಟರ್, ರೋಧ 1.44 ಓಮ್. 7 × 1.44 = ಸುಮಾರು 10 ವೋಲ್ಟ್.

ಉತ್ತರ 3. ಕಳೆದದ್ದು 18 ವೋಲ್ಟ್, ರೋಧ 18 ÷ 9 = 2 ಓಮ್. ವೈರಿನ ಪಾಲು 4.5 × 0.1 = 0.45 ಓಮ್ ಮಾತ್ರ. ಉಳಿದ 1.55 ಓಮ್ ಎಲ್ಲೋ ಒಂದು ಕೆಟ್ಟ ಜಾಯಿಂಟ್‌ನಲ್ಲಿದೆ. ಅಲ್ಲಿನ ಬಿಸಿ 9 × 9 × 1.55 = ಸುಮಾರು 125 ವಾಟ್. ವೈರ್ ಬದಲಿಸಬೇಡಿ, ಜಾಯಿಂಟ್ ಹುಡುಕಿ. ಸರಿಮಾಡುವವರೆಗೆ ಮೋಟಾರ್ ಓಡಿಸಬೇಡಿ.

ಮೂರನೇ ಪ್ರಶ್ನೆಗೆ ಸರಿ ಉತ್ತರ ಬಂದವರಿಗೆ ಈ ಪಾಠ ಬಂತು ಅಂತಲೇ ಲೆಕ್ಕ. ಈ ವಾರ ಕರೆಂಟ್ ಬಂದಾಗ ನಿಮ್ಮ ಮೋಟಾರ್‌ನ ಆನ್ ವೋಲ್ಟ್ ಮತ್ತು ಆಂಪಿಯರ್ ಒಂದು ಸಲ ನೋಡಿ ಬರೆದಿಟ್ಟುಕೊಳ್ಳಿ. ಪಕ್ಕದ ಹೊಲದವರಿಗೂ ತೋರಿಸಿಕೊಡಿ. ನಿಮ್ಮದೂ ಅವರದೂ ಒಂದೇ ಟಿಸಿ ಅಲ್ಲವೇ!